ಅಡುಗೆಮನೆ ಕಡೆಯ ಗಾಜು

"ಅಕ್ವೇರಿಯಮ್ಮಿನ ಹಿಂಭಾಗಕ್ಕೆ ಒಂದು ಬ್ಯಾಕ್‌ಗ್ರೌಂಡ್ ಹಾಕೋಣ ಅಂತಿದೀನಿ," ಎಂದ ನನ್ನ ಗಂಡ ಬೊಹುಶ್, ಸೂಪಿನ ಬಟ್ಟಲಿನಿಂದ ತಲೆ ಎತ್ತದೆ.

"ಹಿಂಭಾಗ ಅಂದ್ರೆ ಯಾವ ಕಡೇದು?"

"ನಿನ್ನ ಕಡೇದು."

ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮದುವೆಯಾಗಿ ಮೂವತ್ತು ವರ್ಷ ದಾಟಿದ ಮೇಲೆ, ನಾನಿರುವ ಕಡೆ ಹಿಂಭಾಗ ಎಂದು ಅವತ್ತು ಗೊತ್ತಾಯಿತು.

ನಮ್ಮ ಅಕ್ವೇರಿಯಂ ಬೇರೆಯವರ ಮನೆಯಂತೆ ಮೂಲೆಯ ಮೇಜಿನ ಮೇಲೆ ಕೂತದ್ದಲ್ಲ. ಬ್ರ್ನೋ ನಗರದ ಈ ಎಂಟು ಮಹಡಿ ಕಟ್ಟಡದ ಮನೆಗಳೆಲ್ಲ ಒಂದೇ ಅಚ್ಚಿನವು. ಅಡುಗೆಮನೆಗೆ ಕಿಟಕಿಯಿಲ್ಲ, ಅದಕ್ಕೂ ನಡುಮನೆಗೂ ನಡುವಿನ ಗೋಡೆಯಲ್ಲಿ ತಟ್ಟೆ ದಾಟಿಸುವುದಕ್ಕೊಂದು ಅಗಲ ಕಿಂಡಿ. ಮೇಲಿನ ಮನೆಯವರು ಅದಕ್ಕೆ ಹಲಗೆ ಹೊಡೆದಿದ್ದಾರೆ, ಕೆಳಗಿನವರು ಅಲ್ಲಿ ಟಿವಿ ಕೂರಿಸಿದ್ದಾರೆ. ಬೊಹುಶ್ ಕಿಂಡಿಯ ಅಳತೆಗೆ ಗಾಜಿನ ತೊಟ್ಟಿ ಮಾಡಿಸಿ ಕೂರಿಸಿದ. ಆ ಕಡೆ ಅವನ ಕುರ್ಚಿ, ಈ ಕಡೆ ನನ್ನ ಒಲೆ, ನಡುವೆ ನೀರು. ಹಿಟ್ಟು ನಾದುತ್ತ ತಲೆ ಎತ್ತಿದರೆ ಗಿಡಗಳ ಸಂದಿಯಲ್ಲಿ ಅವನ ಮುಖ ಕಾಣುತ್ತಿತ್ತು. ಅವನು ಮಾತಿನ ಮನುಷ್ಯನಲ್ಲ. ಬಾಯಿ ಬಿಡದಿದ್ದರೇನು, ಹಸಿವೋ ಮುನಿಸೋ ಮಂಡಿನೋವೋ, ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದೆ. ಒಮ್ಮೊಮ್ಮೆ ಅವನೂ ಮೀನು ಬಿಟ್ಟು ನನ್ನನ್ನು ನೋಡುತ್ತಿದ್ದ. ಯಾರಿಗೂ ಹೇಳಿಕೊಂಡವಳಲ್ಲ ನಾನು, ಆದರೆ ಇಡೀ ದಿನದಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ. ಈಗ ಅದಕ್ಕೂ ಅಡ್ಡ ಗೋಡೆ ಕಟ್ಟುತ್ತಾನಂತೆ!

"ಯಾಕೋ? ನನ್ನ ಮುಖ ನೋಡಿ ನೋಡಿ ಸಾಕಾಯ್ತಾ?"

"ಅದಲ್ಲ ಕಣೆ. ಹೊಸ ಮೀನು ತಂದಿದೀನಲ್ಲ, ಅವು ಎರಡೂ ಕಡೆಯಿಂದ—"

"ಬ್ರೆಡ್ ಚೂರು ಕೆಳಗೆ ಬೀಳಿಸ್ಬೇಡ. ಎರಡೂ ಕಡೆಯಿಂದ ಏನು?"

"ಎರಡೂ ಕಡೆಯಿಂದ ಬೆಳಕು, ಓಡಾಟ. ಹೆದರ್ತಾವೆ. ಮೊಟ್ಟೆ ಇಡ್ತಾವೆ, ಮಾರನೇ ದಿನ ತಾವೇ ತಿಂದ್ಬಿಡ್ತಾವೆ. ಬೆನ್ನಿಗೆ ಅಂತ ಒಂದು ಗೋಡೆ ಇದ್ರೆ—"

"ಇಷ್ಟು ವರ್ಷ ಇಲ್ದಿದ್ದ ಹೆದರಿಕೆ ಈಗ ಬಂತಾ?"

"ಇವು ಬೇರೆ ಜಾತಿ ಹೆಡ್ವಿಕಾ. ನೀನು ಚಾಕು ಹಿಡ್ಕೊಂಡು ಓಡಾಡೋದು ಅವಕ್ಕೆ—"

"ಓಹೋ! ಈಗ ನನ್ನ ಚಾಕುವಿನ ಮೇಲೆ ಬಂತು!"

ಅವನು ಮತ್ತೆ ಸೂಪಿಗೆ ಬಾಗಿದ. ಸಿಕ್ಕಿಬಿದ್ದವರು ಹಾಗೇ ಬಾಗುವುದು. ನಾನು ಶಾಲೆಯ ಊಟದ ಮನೆಯಲ್ಲಿ ಮುಖ್ಯ ಅಡುಗೆಯವಳಾಗಿದ್ದವಳು. ಯಾವ ಹುಡುಗ ಪಾಲಕ್ಕನ್ನು ಮೇಜಿನ ಕೆಳಗೆ ಅಂಟಿಸಿದ, ಯಾವ ಹುಡುಗಿ ಮಾಂಸದುಂಡೆಯನ್ನು ಜೇಬಿಗಿಳಿಸಿದಳು ಎಂದು ಬಡಿಸುವ ಜಾಗದಿಂದಲೇ ಹಿಡಿಯುತ್ತಿದ್ದೆ. ನನ್ನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ. ಹೊಸ ಮೀನುಗಳೆಂದರೆ ಬೆರಳುದ್ದದವು, ಎರಡೇ ಎರಡು, ಗಂಡು ಹೆಣ್ಣು. ಇಷ್ಟು ಚಿಕ್ಕ ಜೀವಕ್ಕೆ ನನ್ನಿಂದ ಇಷ್ಟು ದೊಡ್ಡ ತೊಂದರೆಯೇ? ಸುಳ್ಳು. ಏನೋ ಇದೆ.

ಅವತ್ತೇ ತಂಗಿ ಯರ್ಮಿಲಾಗೆ ಫೋನು ಹಚ್ಚಿದೆ. ಎರಡು ಸಲ ವಿಚ್ಛೇದನ ಪಡೆದವಳು, ಇಂಥದ್ದರಲ್ಲಿ ಪಳಗಿದ ಕೈ.

"ಲಿಫ್ಟ್ ರಿಪೇರಿಯಿಂದ ರಿಟೈರ್ ಆದದ್ದು ಯಾವಾಗ ನಿಮ್ಮವನು?" ಎಂದಳು.

"ಈ ವಸಂತದಲ್ಲಿ."

"ಅದೇ ಮತ್ತೆ. ಕೆಲಸಕ್ಕೆ ಹೋಗ್ತಿದ್ದಾಗ ಎಲ್ಲಾ ಹೊರಗೇ ನಡೀತಿತ್ತು. ಈಗ ಮನೇಲಿ ಕೂತು ನಡೆಸ್ಬೇಕಲ್ಲ, ಅದಕ್ಕೆ ಮರೆ ಬೇಕು."

"ಏನು ನಡೆಸ್ಬೇಕು?"

"ನನ್ನ ಕೇಳ್ತೀಯಾ? ನೀನೇ ನೋಡು. ನೋಡೋಕೆ ಇನ್ನೂ ಗಾಜಿದೆಯಲ್ಲ, ಮುಚ್ಚೋ ಮುಂಚೆ ನೋಡ್ಕೋ!"

ತಲೆಗೆ ಹುಳ ಬಿಟ್ಟು ಫೋನಿಟ್ಟಳು ಪುಣ್ಯಾತ್ಗಿತ್ತಿ.

ಆ ಭಾನುವಾರ ಸಮುದಾಯ ಭವನದ ನೆಲಮಾಳಿಗೆಯಲ್ಲಿ ಮೀನಿನವರ ಸಂತೆ. ಬ್ಯಾಕ್‌ಗ್ರೌಂಡ್ ಆರಿಸುವುದಕ್ಕೆ ನಾನೂ ಬರುತ್ತೇನೆಂದೆ. ಬೊಹುಶ್ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಜಾಡಿ ಜಾಡಿಗಳಲ್ಲಿ ಮೀನು, ಒದ್ದೆ ಕಾಗದದಲ್ಲಿ ಸುತ್ತಿದ ಗಿಡ, ಬಿಯರ್ ಹಿಡಿದು ಪಿಸುಗುಡುವ ಗಂಡಸರು. ಒಂದು ಕಡೆ ಬಣ್ಣಬಣ್ಣದ ಚಿತ್ರದ ಸುರುಳಿಗಳನ್ನು ಬಟ್ಟೆಯಂತೆ ಮೀಟರ್ ಲೆಕ್ಕದಲ್ಲಿ ಮಾರುತ್ತಿದ್ದರು. ಹವಳದ ಸಮುದ್ರ, ಮುಳುಗಿದ ಕಲ್ಲಿನ ಕಂಬಗಳು, ಒಂದರಲ್ಲಿ ಅರಮನೆ ಬೇರೆ. ನಾನು ಬೇಕೆಂದೇ ತೆಳ್ಳನೆಯ ನೀಲಿ ಹಾಳೆಯೊಂದನ್ನು ಎಳೆದು ದೀಪಕ್ಕೆ ಹಿಡಿದೆ. ಆಚೆ ನಿಂತ ಬೊಹುಶ್ ಅದರೊಳಗೆ ಚೆನ್ನಾಗಿ ಕಂಡ.

"ಇದನ್ನೇ ತಗೋ. ಹೊರಗಡೆಯಿಂದ ಟೇಪ್ ಹಾಕಿದ್ರಾಯ್ತು, ಬೇಡ ಅಂದಾಗ ಕಿತ್ತರಾಯ್ತು."

"ತೆಳ್ಳಗಾಯ್ತು. ಬೆಳಕು ದಾಟಿ ಬರುತ್ತೆ."

"ಬಂದ್ರೆ ಬರ್ಲಿ."

"ನೆರಳು ಕಾಣುತ್ತೆ ಕಣೆ."

"ಯಾರ ನೆರಳು?"

ಅವನು ಹಾಳೆಯನ್ನು ಮತ್ತೆ ಸುರುಳಿ ಸುತ್ತಿಟ್ಟ. ಅರಮನೆಯದ್ದು ತೋರಿಸಿದೆ. "ನದೀ ಮೀನಿಗೆ ಅರಮನೆ ಯಾಕೆ?" ಎಂದ. ಹವಳದ್ದು ತೋರಿಸಿದೆ. "ಅದು ಉಪ್ಪು ನೀರಿನದು," ಎಂದ. ಪರದೆಯ ಬಟ್ಟೆಯಿಂದ ಹಿಡಿದು ಚಪ್ಪಲಿಯ ತನಕ ನಾನು ಆರಿಸಿದ್ದನ್ನು ತೊಟ್ಟು ಬದುಕಿದ ಗಂಡಸಿಗೆ ಇದೊಂದರಲ್ಲಿ ಎಲ್ಲಿಲ್ಲದ ಹಟ! ಅವನಿಗೆ ಬೇಕಾಗಿದ್ದದ್ದು ಬಂಡೆಯ ಗೋಡೆಯಂತೆ. ಥರ್ಮೋಕೋಲ್ ಕೆತ್ತಿ, ಸಿಮೆಂಟು ಬಳಿದು, ಬೇರು ಬಿಳಲು ಕೂರಿಸಿ, ನಿಜವಾದ ನದಿದಂಡೆಯಂತೆ ಕಾಣಬೇಕಂತೆ. ಅಂಗೈಯಷ್ಟು ದಪ್ಪ. ಅಂದರೆ ನನ್ನ ನೆರಳೂ ಬೀಳಬಾರದು.

ಅಂಥ ಗೋಡೆಗಳನ್ನು ಸಾಲಾಗಿ ಒರಗಿಸಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಐವತ್ತರ ಆಚೀಚೆ, ಮೆಕ್ಯಾನಿಕ್ಕುಗಳು ತೊಡುವ ನೀಲಿ ಪ್ಯಾಂಟು, ಕೂದಲ ತುಂಬ ಥರ್ಮೋಕೋಲಿನ ಬಿಳಿ ಹರಳು, ಕೆನ್ನೆಯಲ್ಲಿ ಗುಳಿ.

"ಬೊಹೂಶ್ಕು! ಬಂದ್ಯಾ!" ಎಂದು ಕೂಗಿದಳು.

ಬೊಹೂಶ್ಕು! ಪುಟ್ಟ ಮಗುವನ್ನು ಕರೆದ ಹಾಗೆ. ಅವನಿಗೆ ಜ್ವರ ಬಂದಾಗ ಮಾತ್ರ ನಾನು ಹಾಗೆ ಕರೆಯುತ್ತೇನೆ. ನನ್ನ ಮೈಯೆಲ್ಲ ಉರಿದುಹೋಯಿತು.

"ಇವಳು ರಾಡಾನಾ," ಎಂದ ಅವನು. "ಇವಳು ಹೆಡ್ವಿಕಾ, ನನ್ನ—"

"ಹೆಂಡತಿ," ಎಂದೆ.

"ಅಯ್ಯೋ ಗೊತ್ತು ಬಿಡಿ! ಅಡುಗೆಮನೆ ಕಡೆ ಗಾಜಿನವರು ತಾನೆ?" ಎಂದು ನಕ್ಕಳು ಅವಳು. ನಮ್ಮ ಅಡುಗೆಮನೆ ಯಾವ ಕಡೆಗಿದೆ ಎಂದು ಇವಳಿಗೆ ಹೇಗೆ ಗೊತ್ತು? ನಾನು ಬೊಹುಶನನ್ನು ನೋಡಿದೆ, ಬೊಹುಶ್ ಒಂದು ಬಂಡೆಯನ್ನು ನೋಡಿದ. "ಕೊಳ್ಳೋದ್ಯಾಕೆ ಸುಮ್ನೆ," ಎಂದಳು ರಾಡಾನಾ ಅವನಿಗೆ, "ನಮ್ಮ ಗ್ಯಾರೇಜಿಗೆ ಬಾ, ನೀನೇ ಕೆತ್ಕೋ. ಸಾಮಾನೆಲ್ಲಾ ಇದೆ."

ಅಲ್ಲಿಂದ ಶುರುವಾಯಿತು. ಶನಿವಾರ ಬಂತೆಂದರೆ ಗ್ಯಾರೇಜು. ಅವನು ವಾಪಸು ಬಂದಾಗ ಜಾಕೆಟ್ ಕಳಚುವುದಕ್ಕೂ ಮುಂಚೆ ನನ್ನ ಮೂಗಿಗೆ ಬಡಿದದ್ದು ವಿನೆಗರ್ ವಾಸನೆ.

ಆಗಸ್ಟ್ ತಿಂಗಳು. ನಮ್ಮಲ್ಲಿ ಆಗಸ್ಟ್ ಎಂದರೆ ಸೌತೆಕಾಯಿ ಉಪ್ಪಿನಕಾಯಿ ಹಾಕುವ ಕಾಲ. ಇಡೀ ಕಟ್ಟಡದ ಮೆಟ್ಟಿಲ ಮೇಲೆ ವಿನೆಗರ್, ಸಬ್ಬಸಿಗೆ ಸೊಪ್ಪು, ಕುದಿಯುವ ಜಾಡಿಗಳ ವಾಸನೆ. ಆದರೆ ನಾನಿನ್ನೂ ಸೌತೆಕಾಯಿ ತಂದೇ ಇರಲಿಲ್ಲ! ಹಾಗಿದ್ದರೆ ಈ ವಾಸನೆ ಯಾರ ಒಲೆಯದ್ದು? ಜಾಡಿ ತುಂಬುವುದು ಒಬ್ಬರ ಕೆಲಸವಲ್ಲ. ಒಬ್ಬರು ತೊಳೆಯಬೇಕು, ಒಬ್ಬರು ಜೋಡಿಸಬೇಕು, ಬಿಸಿನೀರು ಹುಯ್ಯುವಾಗ ಒಬ್ಬರು ಹಿಡಿದುಕೊಳ್ಳಬೇಕು. ಮೊಣಕೈಗೆ ಮೊಣಕೈ ತಾಗಿಸಿಕೊಂಡು ಗಂಡಹೆಂಡಿರು ಮಾಡುವ ಕೆಲಸ ಅದು. ನನ್ನ ಜೊತೆ ಅವನು ಒಂದು ವರ್ಷವಾದರೂ ನಿಂತವನೇ? ಪ್ರತಿವರ್ಷ ಒಬ್ಬಳೇ ಬೆವರು ಸುರಿಸಿ ಮಾಡುತ್ತೇನೆ.

"ಸಬ್ಬಸಿಗೆ ವಾಸನೆ ಇದೆಯಾ ಅಂಗೀಲಿ?" ಎಂದು ಕೇಳಿದಳು ಯರ್ಮಿಲಾ ಫೋನಿನಲ್ಲಿ.

ಅಂಗಿಯನ್ನು ಮೂಗಿಗೆ ಒತ್ತಿಕೊಂಡು ನೋಡಿದೆ. "ಇಲ್ಲ. ಬರೀ ವಿನೆಗರ್."

"ಸಬ್ಬಸಿಗೆ ಹಾಕದೆ ಉಪ್ಪಿನಕಾಯಿ ಹಾಕೋಳಾ! ಎಂಥಾ ಹೆಂಗಸಿನ ಸಹವಾಸ ಮಾಡಿದಾನೆ ನೋಡು!"

ಬುಧವಾರ ಬಸ್ಸು ಹಿಡಿದೆ. ಬರಿಗೈಯಲ್ಲಿ ಹೋದರೆ ಗುಮಾನಿ ಬರುತ್ತದೆಂದು ಹೋದ ವರ್ಷದ ಸೌತೆಕಾಯಿ ಜಾಡಿಯೊಂದನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ರಾಡಾನಾಳ ಗ್ಯಾರೇಜಿನ ಬಾಗಿಲು ಹಾರುಹೊಡೆದಿತ್ತು. ಬಂಡೆಯೊಂದರ ಮೇಲೆ ಬಗ್ಗಿ ಕೂತಿದ್ದಳು, ಬಾಯಲ್ಲಿ ಸಿಗರೇಟು.

"ಅರೆ, ಬನ್ನಿ ಬನ್ನಿ! ಏನು ಈ ಕಡೆ?"

"ಹೀಗೇ ಬಂದಿದ್ದೆ. ನೀವು ಈ ವರ್ಷ ಎಷ್ಟು ಜಾಡಿ ಸೌತೆಕಾಯಿ ಹಾಕಿದ್ರಿ?" ನೇರವಾಗಿಯೇ ಕೇಳಿದೆ. ಕಣ್ಣು ಮಾತ್ರ ಮೂಲೆ ಮೂಲೆ ಹುಡುಕುತ್ತಿತ್ತು.

"ನಾನಾ? ಒಳ್ಳೆ ಕಥೆ! ಅಂಗಡೀದು ತಿನ್ನೋಳು ನಾನು. ಒಲೆ ಹಚ್ಚಿದ್ರೆ ನನ್ನ ನಾಯಿ ಹೆದರ್ಕೊಳ್ಳುತ್ತೆ."

"ಮತ್ತೆ ಈ ವಾಸನೆ?"

ವಾಸನೆ ಅಲ್ಲೇ ಇತ್ತು, ಮೂಗಿಗೆ ರಾಚುವಂತೆ. ಅವಳು ಕೈಯಲ್ಲಿದ್ದ ಉದ್ದನೆಯ ಟ್ಯೂಬನ್ನು ನನ್ನ ಮೂಗಿನ ಕೆಳಗೆ ಹಿಡಿದಳು.

"ಇದಾ? ಸಿಲಿಕೋನ್. ಗಾಜಿಗೆ ಅಂಟಿಸೋ ಗೋಂದು. ಒಣಗೋವರೆಗೂ ಥೇಟ್ ವಿನೆಗರ್ ಹೊಡೆಯುತ್ತೆ. ನಿಮ್ಮ ಯಜಮಾನ್ರು ಅಂಗಿ ತುಂಬಾ ಬಳ್ಕೊಂಡು ಹೋಗ್ತಾರೆ, ಎಷ್ಟು ಹೇಳಿದ್ರೂ ಕೇಳಲ್ಲ."

ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಎನ್ನಿಸಿತು. ಆದರೆ ಎದೆಯ ಮೇಲಿನ ಕಲ್ಲು ಇಳಿದಿತ್ತು. ಜಾಡಿಯನ್ನು ಅವಳ ಕೈಗಿಟ್ಟೆ. ಅವಳು ಖುಷಿಯಿಂದ ಅಲ್ಲೇ ಮುಚ್ಚಳ ತೆಗೆದು ಒಂದನ್ನು ಕಚ್ಚಿದಳು. ಅಷ್ಟಕ್ಕೆ ನಾನು ಎದ್ದು ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತು.

"ನೀವು ಪುಣ್ಯವಂತರು ಕಣ್ರೀ," ಎಂದಳು ಅಗಿಯುತ್ತ. "ಇಂಥಾ ಮಾತುಗಾರ ಮನೇಲಿದ್ರೆ ಟಿವಿನೇ ಬೇಡ."

"ಯಾರು?"

"ಇನ್ಯಾರು, ಬೊಹೂಶ್ಕು! ಶನಿವಾರ ನಾವು ಮೀನಿನವರೆಲ್ಲ ಕೆಲಸ ಬಿಟ್ಟು ಅವರ ಬಾಯಿ ನೋಡ್ತಾ ಕೂತ್ಕೋತೀವಿ. ಆ ಲಿಫ್ಟಲ್ಲಿ ಸಿಕ್ಕಾಕ್ಕೊಂಡ ಪಾದ್ರಿ, ಆ ಮೇಕೆ! ಅಯ್ಯಪ್ಪಾ, ಆ ಮೇಕೆ ಪಾದ್ರಿ ಟೋಪೀನ ಏನು ಮಾಡ್ತು ಅಂತ ಹೇಳೋವಾಗ ನನಗೆ ಉಸಿರೇ ನಿಂತಿತ್ತು! ನೀವಂತೂ ಸಾವಿರ ಸಲ ಕೇಳಿರ್ತೀರ."

"ಗೊತ್ತು, ಗೊತ್ತು," ಎಂದೆ. ನನಗೆ ಯಾವ ಪಾದ್ರಿಯೂ ಗೊತ್ತಿರಲಿಲ್ಲ, ಯಾವ ಮೇಕೆಯೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತ ಬಂದೆ. ಬೇರೆ ಹೆಣ್ಣಿನ ಸಹವಾಸವಾಗಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಇದಕ್ಕೆ ಎಲ್ಲಿ ಜುಟ್ಟು? ನನ್ನ ಗಂಡ ಮಾತಾಡುತ್ತಾನಂತೆ. ಜನ ಕೆಲಸ ಬಿಟ್ಟು ಕೇಳುತ್ತಾರಂತೆ. ಮನೆಯಲ್ಲಿ ಉಪ್ಪು ಬೇಕಾದರೆ ಬೆರಳು ತೋರಿಸುವ ಮನುಷ್ಯ!

ರಾತ್ರಿಯೂಟಕ್ಕೆ ಕೂತಾಗ ಕೇಳಿಯೇ ಬಿಟ್ಟೆ. "ಅದೇನೋ ಪಾದ್ರಿ, ಮೇಕೆ, ಲಿಫ್ಟು. ಏನದು?"

ಅವನ ಕಣ್ಣು ಅರಳಿತು. ಚಮಚ ಕೆಳಗಿಟ್ಟ. "ಅದಾ! ಅದೊಂದು ಮಜಾ. ಆಸ್ಪತ್ರೆ ಹಿಂದಿನ ಬೀದೀಲಿ ಒಂದು ಮುದಿ ಲಿಫ್ಟ್ ಇತ್ತು. ನಡುವೆ ನಿಂತ್ಬಿಟ್ಟಿದೆ ಅಂತ ಫೋನ್ ಬಂತು. ನಾನು ಹೋಗಿ ಬಾಗಿಲಿಗೆ ಕಿವಿ ಇಟ್ರೆ, ಒಳಗಿಂದ—"

"ಯಾವ ವರ್ಷ ಇದು?"

"ಎಂಬತ್ತೊಂಬತ್ತಿರ್ಬೇಕು. ಒಳಗಿಂದ ಒಂದು—"

"ಎಂಬತ್ತೊಂಬತ್ತರಲ್ಲಿ ನೀನು ಕಾಲು ಮುರ್ಕೊಂಡು ಮನೇಲಿದ್ದೆ."

"ಹಾಗಾದ್ರೆ ತೊಂಬತ್ತು."

"ಹೇಳೋದಾದ್ರೆ ಸರಿಯಾಗಿ ಹೇಳ್ಬೇಕಪ್ಪಾ. ಹೂಂ, ಹೇಳು."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಮೀನಿಗೆ ಊಟ ಹಾಕ್ಬೇಕು," ಎಂದು ಎದ್ದುಹೋದ.

ನೋಡಿದಿರಾ? ಗ್ಯಾರೇಜಿನಲ್ಲಾದರೆ ಮೇಕೆ, ಟೋಪಿ, ಎಲ್ಲ. ನಾನು ಕೇಳಿದರೆ ಮೀನಿನ ಊಟದ ನೆಪ. ಅವತ್ತೇ ತೀರ್ಮಾನ ಮಾಡಿಕೊಂಡೆ, ಈ ಗೋಡೆ ಮೀನಿಗಾಗಿ ಅಲ್ಲ.

ಗೋಡೆ ಕೂರಿಸುವ ದಿನ ಬೆಳಗಿನಿಂದಲೇ ರಾದ್ಧಾಂತ. ಪೈಪಿಟ್ಟು ನೀರು ಬಸಿದ. ಮೀನುಗಳನ್ನು ಬಿಡುವುದಕ್ಕೆ ಜಾಡಿ ಕುದಿಸುವ ನನ್ನ ದೊಡ್ಡ ಪಾತ್ರೆಗೇ ಕೈಹಾಕಿದ.

"ಮುಟ್ಬೇಡ ಅದನ್ನ! ನಾಳೆ ಸೌತೆಕಾಯಿ ಬರುತ್ತೆ."

"ಮೂರೇ ದಿನ ಕಣೆ. ಗೋಂದು ಒಣಗೋವರೆಗೆ."

"ಮೂರು ದಿನ ನನ್ನ ಪಾತ್ರೇಲಿ ಮೀನು ಹೇತ್ಕೊಂಡಿರ್ಲಾ?"

ಹೇತುಕೊಂಡೇ ಇದ್ದವು ಅನ್ನಿ. ಆಮೇಲೆ ನೋಡಿದರೆ ಬಂಡೆಗೋಡೆ ತೊಟ್ಟಿಯ ಬಾಯಲ್ಲಿ ಇಳಿಯಲೊಲ್ಲದು. ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿಯಿದೆ ಎನ್ನುವುದನ್ನು ಅಳತೆ ತೆಗೆಯುವಾಗ ಮರೆತಿದ್ದಾನೆ ಮಹರಾಯ. ನನ್ನ ಬ್ರೆಡ್ ಕೊಯ್ಯುವ ಚಾಕುವಿನಿಂದಲೇ ಅದನ್ನು ಎರಡು ತುಂಡು ಮಾಡಿದ. ನಾನು ಅಡುಗೆಮನೆಯ ಕಡೆ ನಿಂತಿದ್ದೆ. ತೊಟ್ಟಿ ಖಾಲಿ, ಗಾಜು ಒರೆಸಿ ಫಳಫಳ. ಇಷ್ಟು ವರ್ಷದ ಮೇಲೆ ನಡುವೆ ನೀರಿಲ್ಲದೆ, ಗಿಡವಿಲ್ಲದೆ ಅವನ ಮುಖ ಕಂಡಿತು. ವಯಸ್ಸಾಗಿದೆ ಅನ್ನಿಸಿತು. ಕಣ್ಣಿನ ಕೆಳಗೆ ಚೀಲ, ಹುಬ್ಬಿನಲ್ಲಿ ಬಿಳಿ ಕೂದಲು. ಬೇಡ ಕಣೋ, ಮುಚ್ಚಬೇಡ, ಎಂದು ಬಾಯಿಯವರೆಗೆ ಬಂತು. ಅವನು ಮೊದಲ ತುಂಡಿಗೆ ಗೋಂದು ಬಳಿದು ಒತ್ತಿದ. ಅರ್ಧ ಮುಖ ಹೋಯಿತು.

"ಬೊಹುಶ್," ಎಂದೆ.

"ಹೂಂ?"

"ಬಲಗಡೆ ಸೊಟ್ಟಗಿದೆ."

ಅವನು ಸರಿಮಾಡಿ ಎರಡನೆಯ ತುಂಡನ್ನೂ ಒತ್ತಿದ. ನನ್ನ ಕಡೆ ಉಳಿದದ್ದು ಬೂದುಬಣ್ಣದ ಥರ್ಮೋಕೋಲು, ಮೇಲೆ ಅವನ ಪೆನ್ಸಿಲ್ ಗೆರೆ, ಗೋಂದಿನ ಹಾವುಗಳು. ಹಗಲು ಹನ್ನೆರಡು ಗಂಟೆಗೆ ಅಡುಗೆಮನೆಯಲ್ಲಿ ದೀಪ ಹಾಕಬೇಕಾಯಿತು.

ಮಾರನೆಯ ದಿನ ಅವನು ಕಲ್ಲು ಆರಿಸಲು ಹೊಳೆದಂಡೆಗೆ ಹೋದ. ನಾನು ಅಣಬೆ ಕೊಯ್ಯುವ ಬಾಗುಚಾಕು ತೆಗೆದುಕೊಂಡು ನಡುಮನೆಯ ಕಡೆಯಿಂದ ತೊಟ್ಟಿಯೊಳಗೆ ಬಗ್ಗಿದೆ. ನಿಜ ಹೇಳಬೇಕೆಂದರೆ ಗೋಡೆ ಚೆನ್ನಾಗಿತ್ತು. ಪದರ ಪದರ ಬಂಡೆ, ಸಂದಿಯಲ್ಲಿ ಬೇರು, ನಡುವೆ ಹೆಣ್ಣುಮೀನು ಮೊಟ್ಟೆಯಿಡಲೆಂದು ಮುಷ್ಟಿಯಷ್ಟು ದೊಡ್ಡ ಗುಹೆ. ಆ ಗುಹೆಯ ಒಳಗೋಡೆಯನ್ನೇ ಕೊರೆದೆ. ಆಚೆ ಗಾಜು ಸಿಗುವವರೆಗೆ ಕೊರೆದೆ, ಕೋಟಿನ ಗುಂಡಿಯಷ್ಟು ಅಗಲ. ಪುಡಿಯನ್ನೆಲ್ಲ ಬಾಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ತಪ್ಪೇನು ಬಂತು? ಗೋಡೆ ಅವನದಾದರೆ ಮನೆ ನನ್ನದೂ ಹೌದು.

ನೀರು ತುಂಬಿದ. ಮೀನು ಬಿಟ್ಟ. ಅವನ ಖುಷಿ ಹೇಳತೀರದು. ಎರಡು ಹೊತ್ತು ಟೀ ಕುಡಿಯುವುದನ್ನೇ ಮರೆತ. ಗುಹೆಯಲ್ಲಿ ತೂತಿರುವುದು ಅವನಿಗೆ ಗೊತ್ತಾಗಲಿಲ್ಲ, ಒಳಗೆ ಕತ್ತಲು, ನನ್ನ ದೀಪದ ಬೆಳಕು ದಾಟದಂತೆ ಈ ಕಡೆ ಗಾಜಿಗೆ ಒರೆಸುವ ಬಟ್ಟೆ ನೇತುಹಾಕಿದ್ದೆ. ಒಂದು ವಾರ ಕಳೆದಿರಬೇಕು, ಅಡುಗೆಮನೆಗೆ ಓಡಿಬಂದು, "ಮೊಟ್ಟೆ ಇಟ್ಟಿದೆ ಕಣೆ! ಗುಹೆಯ ಚಾವಣಿಗೆ ಅಂಟ್ಸಿದೆ! ತಿಂದಿಲ್ಲ!" ಎಂದ. "ಕಾಲಿಗೆ ಚಪ್ಪಲಿ ಹಾಕ್ಕೋ, ನೆಲ ಒರೆಸಿದೀನಿ," ಎಂದೆ ನಾನು.

ಅವತ್ತು ಸಂಜೆಯೇ ಶುರುವಾದದ್ದು ಆ ಗೊಣಗೊಣ. ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಗೋಡೆಯಾಚೆ ಅವನ ದನಿ. ಸಣ್ಣಗೆ, ನಿಲ್ಲದೆ, ನಡುವೆ ನಗು ಬೇರೆ. ಟಿವಿ ಅಲ್ಲ. ಮನೆಗೆ ಯಾರೂ ಬಂದಿಲ್ಲ. ನನ್ನ ಕಿವಿ ನೆಟ್ಟಗಾಯಿತು. ಫೋನು! ಕಡೆಗೂ ಸಿಕ್ಕಿಬಿದ್ದ! ಯರ್ಮಿಲಾ ಹೇಳಿದ್ದು ಸುಳ್ಳಲ್ಲ, ಇದಕ್ಕೇ ಬೇಕಾಗಿತ್ತು ಮರೆ.

ದೀಪ ಆರಿಸಿದೆ. ಬಟ್ಟೆ ಸರಿಸಿ, ಗಾಜಿಗೆ ಹಣೆ ಒತ್ತಿ ತೂತಿಗೆ ಕಣ್ಣಿಟ್ಟೆ.

ಮೊದಲು ಕಂಡದ್ದು ಹೆಣ್ಣುಮೀನು. ನಿಂಬೆ ಹಳದಿ ಬಣ್ಣಕ್ಕೆ ತಿರುಗಿತ್ತು, ಚಾವಣಿಯ ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಹಾಕುತ್ತಿತ್ತು. ಅದು ಒಂದಿಷ್ಟು ಪಕ್ಕಕ್ಕೆ ಸರಿದಾಗ ಆಚೆ ಬೊಹುಶ್ ಕಂಡ. ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡಿದ್ದ. ಕೈಯಲ್ಲಿ ಫೋನಿರಲಿಲ್ಲ. ಎರಡು ಕೈಯೂ ಗಾಳಿಯಲ್ಲಿ ಆಡುತ್ತಿದ್ದವು. ಹುಬ್ಬು ಕುಣಿಯುತ್ತಿತ್ತು. ನೇರ ನನ್ನ ಕಡೆಗೇ, ಅಂದರೆ ಗುಹೆಯ ಕಡೆಗೇ ನೋಡುತ್ತ ಮಾತಾಡುತ್ತಿದ್ದ. ಮೀನಿನ ಜೊತೆ! ಇಂಥ ಮುಖವನ್ನು ನಾನು ಈ ಮನೆಯಲ್ಲಿ ನೋಡಿರಲಿಲ್ಲ. ತೊಟ್ಟಿಯ ಮೇಲಿನ ಸಂದಿಯಿಂದ ಮಾತು ಈಗ ಸ್ಪಷ್ಟವಾಗಿ ಕೇಳುತ್ತಿತ್ತು.

"ಕೇಳು ತಾಯಿ, ನೀನು ಬಾಣಂತಿ, ಹೆದರ್ಬೇಡ, ಇದರಲ್ಲಿ ಮೀನು ಸಾಯಲ್ಲ," ಎನ್ನುತ್ತಿದ್ದ. "ಮದುವೆ ಆದ ಮೊದಲ್ನೇ ಕ್ರಿಸ್‌ಮಸ್ಸು. ಹಬ್ಬದೂಟಕ್ಕೆ ಅಂತ ಒಂದು ಕಾರ್ಪ್ ಮೀನು ತಂದು ಬಚ್ಚಲ ತೊಟ್ಟೀಲಿ ಬಿಟ್ಟಿದ್ದೆ. ಕೊಲ್ಲೋದು ಗಂಡಸಿನ ಕೆಲಸ. ಸುತ್ತಿಗೆ ಹಿಡ್ಕೊಂಡು ನಿಂತೆ, ಕೈ ಏಳ್ಲಿಲ್ಲ. ಇವಳು ಬಂದ್ಳು ನೋಡು, ತೋಳು ಮಡಚ್ಕೊಂಡು! 'ಕೊಡಿಲ್ಲಿ, ನೀನೂ ಒಬ್ಬ ಗಂಡಸಾ' ಅಂತ ಸುತ್ತಿಗೆ ಕಿತ್ಕೊಂಡ್ಳು. ಅಷ್ಟರಲ್ಲಿ ಆ ಕಾರ್ಪು ಇವಳನ್ನ ನೋಡಿ ಹೀಗೆ ಬಾಯಿ ತೆರೀತು." ಬೊಹುಶ್ ಬಾಯಿ ದುಂಡಗೆ ಮಾಡಿ ತೋರಿಸಿದ. "ಸುತ್ತಿಗೆ ಬಿಸಾಕಿ ಗೊಳೋ ಅಂತ ಅತ್ಬಿಟ್ಳು! ಅತ್ಕೊಂಡೇ ನನಗೆ ಬಯ್ತಾಳೆ, ಇಷ್ಟು ಬುದ್ಧಿವಂತ ಮುಖದ ಮೀನು ಯಾಕೆ ತಂದೆ ಅಂತ!"

ನಾನು ಏಪ್ರನ್ನನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ಕಣ್ಣಲ್ಲಿ ನೀರು ಬಂತು. ಹೌದು, ಅತ್ತಿದ್ದೆ. ಮರೆತೇ ಹೋಗಿತ್ತು ನನಗೆ. ಅವನು ನೆನಪಿಟ್ಟಿದ್ದಾನೆ!

"ಒದ್ದೆ ಟವೆಲಲ್ಲಿ ಸುತ್ತಿ, ಚೀಲಕ್ಕೆ ಹಾಕ್ಕೊಂಡು, ಹಬ್ಬದ ಸಾಯಂಕಾಲ ಒಂದನೇ ನಂಬರ್ ಟ್ರಾಮ್ ಹತ್ತಿದ್ವಿ."

ಒಂದನೇ ನಂಬರಲ್ಲ. ಮೂರು. ನಾಲಿಗೆ ತುದಿಗೆ ಬಂದದ್ದನ್ನು ಕಚ್ಚಿ ಹಿಡಿದೆ.

"ಟಿಕೆಟ್ ನೋಡೋನು ಬಂದ. ಚೀಲ ಡಬ್ ಅಂತ ಒದೀತು. 'ಏನಮ್ಮಾ ಅದರಲ್ಲಿ?' ಅಂದ. ಇವಳು ಅವನ ಮುಖ ನೋಡ್ಕೊಂಡೇ, 'ನಮ್ಮತ್ತೆ' ಅಂದ್ಳು! ಇಡೀ ಟ್ರಾಮು ಬಿದ್ದು ಬಿದ್ದು ನಕ್ತು. ನದಿ ಅಂಚೆಲ್ಲ ಹೆಪ್ಪುಗಟ್ಟಿತ್ತು. ಬೂಟ್ಸ್ ಸಮೇತ ನೀರಿಗಿಳಿದ್ಳು ಮಾರಾಯ್ತಿ. ಮೀನಿಗೆ ಉಸಿರು ಬರೋವರೆಗೂ ಎರಡು ಕೈಲಿ ಹಿಡ್ಕೊಂಡು ನಿಂತಿದ್ಳು. 'ಹೋಗು, ಹೋಗು ಮುದ್ದು' ಅಂತಿದ್ಳು. ಇವಳ ಬಾಯಲ್ಲಿ ಮುದ್ದು ಅನ್ನೋ ಮಾತು!"

ಅವನ ದನಿ ತಗ್ಗಿತು. ಕೈಗಳೆರಡೂ ಮಂಡಿಯ ಮೇಲೆ ಬಂದು ಕೂತವು. ಗಾಜು ಹಣೆಗೆ ತಣ್ಣಗೆ ಹತ್ತಿತ್ತು.

"ಆಮೇಲೆ ಎದ್ದು ಬಂದ್ಳು. ಮೊಣಕಾಲವರೆಗೂ ಒದ್ದೆ, ಮೂಗು ಕೆಂಪಗೆ, ಹಲ್ಲು ಕಟಕಟ ಅಂತಿದೆ. ವಾಪಸ್ ಬರೋಕೆ ಆ ಒಂದನೇ ನಂಬರಿಗೇ ಕಾಯ್ತಾ ನಿಂತಿದ್ವಿ. ಅಲ್ಲಿ, ದೀಪದ ಕೆಳಗೆ, ಅವಳನ್ನ ನೋಡ್ತಾ ನೋಡ್ತಾ ನನಗೆ ಮೊದಲ್ನೇ ಸಲ ಅನ್ನಿಸ್ತು—"

"ಒಂದಲ್ಲ, ಮೂರು!" ಎಂದೆ. "ಮೂರನೇ ನಂಬರ್ ಟ್ರಾಮು ಅದು!"

ನನ್ನ ದನಿ ಕತ್ತಲ ಅಡುಗೆಮನೆಯಲ್ಲಿ ನನಗೇ ಜೋರಾಗಿ ಕೇಳಿಸಿತು. ಹೆಣ್ಣುಮೀನು ಸರ್ರನೆ ತಿರುಗಿ ತೂತಿಗೆ ಅಡ್ಡಬಂತು. ಅದರ ಹಳದಿ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಆ ಕಡೆಯಿಂದ ಪಂಪಿನ ಗುಂಯ್‌ಗುಟ್ಟುವಿಕೆ ಮಾತ್ರ.

"ಬೊಹುಶ್," ಎಂದೆ. "ಹೇಳೋ. ಒಂದೇ ಇರಬಹುದು, ನನಗೆ ಸರಿಯಾಗಿ ನೆನಪಿಲ್ಲ. ಏನನ್ನಿಸ್ತು ನಿನಗೆ?"

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಬೊಹೂಶ್ಕು, ನಾನು ಮಧ್ಯೆ ಬಾಯಿ ಹಾಕಲ್ಲ. ಆಣೆ ಮಾಡ್ತೀನಿ. ಆ ದೀಪದ ಕೆಳಗೆ ನಿನಗೇನನ್ನಿಸ್ತು?"

ಗೋಡೆಯಾಚೆಯಿಂದ ಅವನ ದನಿ ಬಂತು, ದಿನನಿತ್ಯದ ಅದೇ ದನಿ.

"ಏನಿಲ್ಲ," ಎಂದ.